ಕಾಶಿಯಲ್ಲಿ ನೋಡಲೇಬೇಕಾದದ್ದು ಯಾವುದು?

ಕಾಶಿಯ ದೇವತೆಗಳ ಪಟ್ಟಿ ಕೈಗೆತ್ತಿಕೊಂಡರೆ ಮುಗಿಯುವ ಮಾತಿಲ್ಲ. 56 ವಿನಾಯಕರು, 12 ಆದಿತ್ಯರು, 9 ಗೌರಿಯರು, 9 ದುರ್ಗೆಯರು, 8 ಭೈರವರು, 64 ಯೋಗಿನಿಯರು. ಹದಿನಾಲ್ಕರಂತೆ ಮೂರು ಗುಂಪಾಗಿ 42 ಪ್ರಧಾನ ಲಿಂಗಗಳು. ಇವು ಎಣಿಕೆಗೆ ಸಿಕ್ಕವು. ಉಳಿದ ಲಿಂಗಗಳು ಎಷ್ಟೆಂದು ಕೇಳಿದರೆ ಎಳ್ಳು ಹಾಕುವಷ್ಟು ಜಾಗವೂ ಖಾಲಿ ಇಲ್ಲವೆಂಬ ಉತ್ತರ ಬರುತ್ತದೆ. ಇಷ್ಟು ಸಾಲದೆಂಬಂತೆ ದೇಶದ ಬೇರೆ ಕ್ಷೇತ್ರಗಳೂ ಇಲ್ಲಿ ಮನೆಮಾಡಿವೆ. ಹಿಮಾಲಯದ ಕೇದಾರನಿಗೆ ಇಲ್ಲೊಂದು ಘಾಟು, ರಾಮೇಶ್ವರನಿಗೆ ಒಂದು ಗುಡಿ, ಪುರಿಯ ಜಗನ್ನಾಥನಿಗೂ ಕಾಮಾಖ್ಯೆಗೂ ತಲಾ ಒಂದು ಸ್ಥಾನ. ಅಯೋಧ್ಯೆ, ಮಥುರೆ, ಹರಿದ್ವಾರ, ಕಂಚಿ, ಉಜ್ಜಯಿನಿ, ದ್ವಾರಕೆ ಎಂಬ ಉಳಿದ ಆರು ಮೋಕ್ಷಪುರಿಗಳು ಕಾಶಿಯ ಒಳಗೇ ಒಂದೊಂದು ಮೂಲೆಯಲ್ಲಿ ಇವೆಯೆಂದು ನಂಬಿಕೆ. ಎರಡು ದಿನಕ್ಕೆಂದು ಬಂದ ಯಾತ್ರಿಕ ಇದರಲ್ಲಿ ಯಾವುದನ್ನು ನೋಡಬೇಕು, ಯಾವುದನ್ನು ಬಿಟ್ಟರೆ ನಡೆಯುತ್ತದೆ? ಮೇಲ್ನೋಟಕ್ಕೆ ಇದು ಸಮಯ ಹೊಂದಿಸುವ ಪ್ರಶ್ನೆ. ಧರ್ಮಶಾಸ್ತ್ರದ ಮಟ್ಟಿಗೆ ಇದು ಕರ್ತವ್ಯದ ಪ್ರಶ್ನೆ, ಶತಮಾನಗಳಿಂದ ಗಂಭೀರವಾಗಿ ಚರ್ಚೆಯಾದ ಪ್ರಶ್ನೆ.

ಈ ಚರ್ಚೆಗೆ ಮುಖ್ಯ ಆಕರ ಸ್ಕಾಂದಪುರಾಣದ ಕಾಶೀಖಂಡ. ನೂರು ಅಧ್ಯಾಯಗಳ ಈ ಗ್ರಂಥ ಯಾರು ಯಾರಿಗೆ ಹೇಳಿದ್ದು ಎಂಬುದೇ ಗಮನಿಸಬೇಕಾದ ಸಂಗತಿ. ಬೆಳೆಯುತ್ತಿದ್ದ ವಿಂಧ್ಯಪರ್ವತವನ್ನು ತಗ್ಗಿಸಲು ದೇವತೆಗಳು ಅಗಸ್ತ್ಯನನ್ನು ಕಾಶಿಯಿಂದ ಎಬ್ಬಿಸುತ್ತಾರೆ. ಬೇಡದ ಮನಸ್ಸಿನಿಂದ ಹೊರಟ ಅಗಸ್ತ್ಯ ದಕ್ಷಿಣಕ್ಕೆ ಬಂದು, ಮತ್ತೆ ಮರಳಲಾಗದೆ, ಕಾಶಿಯನ್ನೇ ನೆನೆಯುತ್ತ ಕುಳಿತಿರುವಾಗ ಸ್ಕಂದ ಅವನಿಗೆ ಆ ಊರನ್ನು ವರ್ಣಿಸುತ್ತಾನೆ. ಗಲ್ಲಿ ಗಲ್ಲಿಯ ಲಿಂಗವನ್ನೂ ಹೆಸರಿಸುವ ಈ ದೊಡ್ಡ ಕೈಪಿಡಿ, ಹೀಗೆ, ಆ ಲಿಂಗಗಳನ್ನು ಇನ್ನು ನೋಡಲಾರದವನ ಕಿವಿಗೆ ಬಿದ್ದದ್ದು. ಅದರ ಪಟ್ಟಿಗಳು ಉದ್ದವಾಗಿರುವುದಕ್ಕೆ ಇದೂ ಒಂದು ಕಾರಣವಿರಬೇಕು. ಕೇಳುವವನಿಗೆ ಕಾಲು ನೋಯುವುದಿಲ್ಲ.

ನಡೆಯುವವರಿಗಾಗಿ ಅದೇ ಗ್ರಂಥ ಕೊನೆಯ ಹೊತ್ತಿಗೆ ಬೇರೆ ಏರ್ಪಾಡು ಮಾಡುತ್ತದೆ. ದೇವತೆಗಳನ್ನು ಯಾತ್ರೆಗಳಾಗಿ ವಿಂಗಡಿಸುತ್ತದೆ: ದಿನದಿನದ ಯಾತ್ರೆ, ತಿಥಿಗೆ ತಕ್ಕ ಯಾತ್ರೆ, ಗೌರಿಯರ ಯಾತ್ರೆ, ವಿನಾಯಕರ ಯಾತ್ರೆ, ವಿಶ್ವನಾಥನ ಸುತ್ತಲಿನ ಒಳಗೇರಿಗಳನ್ನು ಹಾಯುವ ಅಂತರ್ಗೃಹ ಯಾತ್ರೆ. ಇವುಗಳಲ್ಲಿ ಅತ್ಯಂತ ಚಿಕ್ಕದು ನಿತ್ಯಯಾತ್ರೆ. ಗಂಗೆಯಲ್ಲಿ, ವಿಶೇಷವಾಗಿ ಮಣಿಕರ್ಣಿಕೆಯಲ್ಲಿ, ಸ್ನಾನ, ವಿಶ್ವನಾಥನ ದರ್ಶನ. ಕಾಶಿಯಲ್ಲಿ ವಾಸಿಸುವವರು ದಿನಾ ಮಾಡಬೇಕಾದದ್ದು ಇಷ್ಟು. ಇದಕ್ಕಿಂತ ತುಸು ಹಿಗ್ಗಿಸಿದ ಪಟ್ಟಿಯೊಂದು ಒಂದೇ ಶ್ಲೋಕದಲ್ಲಿ ಅಡಗಿ ಬಾಯಿಂದ ಬಾಯಿಗೆ ಬಂದಿದೆ. ವಿಶ್ವೇಶ್ವರ, ಬಿಂದುಮಾಧವ, ಢುಂಢಿವಿನಾಯಕ, ದಂಡಪಾಣಿ, ಕಾಲಭೈರವ, ಗಂಗೆ, ಅನ್ನಪೂರ್ಣೆಯೇ ಆದ ಭವಾನಿ, ಮಣಿಕರ್ಣಿಕೆ ಮೊದಲಾದ ಹೆಸರುಗಳನ್ನು ಅದು ಪೋಣಿಸುತ್ತದೆ. ಹಿಂದೆ ಕರ್ನಾಟಕದಿಂದ ಹೊರಟವರು ಪುಸ್ತಕ ಹೊತ್ತು ಹೋಗುತ್ತಿರಲಿಲ್ಲ. ಇಂಥ ಒಂದು ಶ್ಲೋಕ ನೆನಪಿನಲ್ಲಿದ್ದರೆ ದಾರಿ ತಪ್ಪುತ್ತಿರಲಿಲ್ಲ.

ಆದರೆ ಚಿಕ್ಕ ಪಟ್ಟಿಯನ್ನು ಆರಿಸಿ ದೊಡ್ಡದನ್ನು ಬಿಟ್ಟರೆ ದೋಷವಿಲ್ಲವೇ? ಇಲ್ಲಿ ಮೀಮಾಂಸಕರ ವಿವೇಚನೆ ಉಪಯೋಗಕ್ಕೆ ಬರುತ್ತದೆ. ಕರ್ಮಗಳು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ಮೂರು ಬಗೆ. ಅಗ್ನಿಹೋತ್ರದಂಥ ನಿತ್ಯಕರ್ಮವನ್ನು ಬದುಕಿರುವವರೆಗೂ ಮಾಡಬೇಕು, ಬಿಟ್ಟರೆ ಪ್ರತ್ಯವಾಯವೆಂಬ ದೋಷ. ಗ್ರಹಣ, ಪುತ್ರಜನ್ಮ ಮುಂತಾದ ನಿಮಿತ್ತ ಒದಗಿದಾಗ ಮಾಡುವುದು ನೈಮಿತ್ತಿಕ. ಮಳೆ ಬೇಕು, ಸ್ವರ್ಗ ಬೇಕು ಎಂದು ಫಲ ಬಯಸಿ ಮಾಡುವುದು ಕಾಮ್ಯ. ಕಾಮ್ಯವನ್ನು ಮಾಡದಿದ್ದರೆ ಫಲ ಸಿಗುವುದಿಲ್ಲ ಅಷ್ಟೇ, ಪಾಪವೇನೂ ಅಂಟುವುದಿಲ್ಲ.

ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದ ಮೂರನೆಯ ಪಾದ ಇಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಿತ್ಯಕರ್ಮದ ಅಂಗಗಳನ್ನೆಲ್ಲ ಚಾಚೂತಪ್ಪದೆ ಮಾಡಲು ಎಲ್ಲರಿಗೂ ಎಲ್ಲ ದಿನವೂ ಆಗದು. ಆದ್ದರಿಂದ ಪ್ರಧಾನವನ್ನು ಉಳಿಸಿಕೊಂಡು ಅಂಗಗಳನ್ನು ಯಥಾಶಕ್ತಿ ಮಾಡಿದರೆ ಸಾಕು. ಕಾಮ್ಯಕ್ಕೆ ಈ ರಿಯಾಯಿತಿ ಇಲ್ಲ. ಫಲ ಬೇಕೆಂದು ಹೊರಟವನು ಎಲ್ಲ ಅಂಗಗಳನ್ನೂ ಪೂರೈಸಬೇಕು. ಒಂದು ಕೊರೆಯಾದರೂ ಕೇಳಿದ್ದು ದಕ್ಕುವ ಭರವಸೆಯಿಲ್ಲ. ಕಡ್ಡಾಯವಾದದ್ದು ಸಡಿಲ, ಐಚ್ಛಿಕವಾದದ್ದು ಬಿಗಿ ಎಂಬ ಈ ತೀರ್ಮಾನ ಮೊದಲ ಓದಿಗೆ ತಲೆಕೆಳಗಾಗಿ ಕಾಣುತ್ತದೆ. ಯೋಚಿಸಿದರೆ ನ್ಯಾಯ ಕಾಣುತ್ತದೆ: ಎಲ್ಲರ ಮೇಲೂ ಹೊರಿಸಿದ ಹೊರೆ ಎಲ್ಲರೂ ಹೊರುವಂತಿರಬೇಕು.

ಕಾಶಿಯಾತ್ರೆಗೆ ಇದನ್ನು ಅನ್ವಯಿಸುವಾಗ ಒಂದು ತೊಡಕು ಎದುರಾಗುತ್ತದೆ. ದೂರದಿಂದ ಯಾತ್ರೆ ಹೊರಡುವುದು ಬಹುಮಟ್ಟಿಗೆ ಕಾಮ್ಯವೇ. ಆದರೆ ಊರು ಮುಟ್ಟಿದ ಮೇಲೆ ಅಲ್ಲಿರುವಷ್ಟು ದಿನ ಯಾತ್ರಿಕನೂ ಕಾಶೀವಾಸಿ. ಸ್ನಾನ ಮತ್ತು ವಿಶ್ವನಾಥನ ದರ್ಶನ ಅವನಿಗೆ ಆ ದಿನಗಳ ಮಟ್ಟಿಗೆ ನಿತ್ಯ. ಉಳಿದ ಐವತ್ತಾರು, ಅರವತ್ತನಾಲ್ಕುಗಳ ಸುತ್ತು ಕಾಮ್ಯ. ಹೀಗೆ ಓದಿದರೆ ‘ಅಯ್ಯೋ, ಅದೊಂದು ನೋಡಲಾಗಲಿಲ್ಲ’ ಎಂಬ ಯಾತ್ರಿಕರ ಸಾಮಾನ್ಯ ಹಳಹಳಿಕೆಯ ಮೂಲ ಸಿಗುತ್ತದೆ. ಅದು ಕಾಮ್ಯದ ಪೂರ್ಣತೆಯನ್ನು ನಿತ್ಯದ ಮೇಲೆ ಹೇರಿದ್ದರ ಫಲ. ಪಟ್ಟಿಯೆಲ್ಲ ಮುಗಿಯಬೇಕೆಂಬ ತವಕ ಶಾಸ್ತ್ರದ ಕಣ್ಣಲ್ಲಿ ಭಕ್ತಿಯ ಹೆಚ್ಚಳವೇನಲ್ಲ, ಫಲದ ಆಸೆ.

ನೋಡುವುದರ ಜೊತೆಗೆ ನೋಡುವ ಕ್ರಮಕ್ಕೂ ತೂಕವಿದೆ. ಪಂಚತೀರ್ಥಿ ಯಾತ್ರೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಗಂಗೆ ಇಲ್ಲಿ ಉತ್ತರಕ್ಕೆ ಹರಿಯುತ್ತಾಳೆ. ಘಾಟುಗಳ ಸಾಲು ಆರೇಳು ಕಿಲೋಮೀಟರ್ ಉದ್ದ. ಯಾತ್ರೆ ದಕ್ಷಿಣ ತುದಿಯ ಅಸಿಸಂಗಮದಲ್ಲಿ ಶುರು. ಅಸಿ ಇವತ್ತು ಹೆಸರಿಗೆ ನದಿ, ನೋಟಕ್ಕೆ ಚರಂಡಿ. ಅದು ಗಂಗೆ ಸೇರುವ ಬಾಯಿಯನ್ನೂ ದಕ್ಷಿಣಕ್ಕೆ ಸರಿಸಲಾಗಿದೆ. ಆದರೂ ಸಂಕಲ್ಪ ಮಾಡುವುದು ಹಳೆಯ ಜಾಗದಲ್ಲೇ. ಅಲ್ಲಿಂದ ಕೆಳಪ್ರವಾಹದಲ್ಲಿ ದಶಾಶ್ವಮೇಧ, ಬ್ರಹ್ಮ ಹತ್ತು ಅಶ್ವಮೇಧ ಮಾಡಿದನೆಂಬ ಘಾಟು. ನಕಾಶೆ ನೋಡಿ ಆರಿಸುವವರಾದರೆ ಮುಂದೆ ಕೂಗಳತೆಯಲ್ಲಿರುವ ಮಣಿಕರ್ಣಿಕೆ, ಆಮೇಲೆ ಪಂಚಗಂಗೆ ಎಂದು ಹೋಗುತ್ತಿದ್ದರು. ಶಾಸ್ತ್ರದ ಕ್ರಮ ಹಾಗಿಲ್ಲ. ಎರಡನ್ನೂ ದಾಟಿ, 1887ರಲ್ಲಿ ಕಟ್ಟಿದ ರೈಲುಸೇತುವೆಯ ಆಚೆ, ವರಣೆ ಗಂಗೆಗೆ ಕೂಡುವಲ್ಲಿನ ಆದಿಕೇಶವಕ್ಕೆ ಹೋಗಬೇಕು. ವಿಷ್ಣು ಕಾಶಿಗೆ ಬಂದಾಗ ಮೊದಲು ಕಾಲಿಟ್ಟ ನೆಲ ಅದು. ಈಗ ಜನಸಂಚಾರ ಕಡಿಮೆ. ಅಲ್ಲಿಂದ ಹಿಂದಿರುಗಿ, ಪ್ರವಾಹಕ್ಕೆ ಎದುರಾಗಿ, ಪಂಚಗಂಗೆ, ಕೊನೆಗೆ ಮಣಿಕರ್ಣಿಕೆ. ದೋಣಿಯವನಿಗೆ ಇದು ದಂಡದ ಕೆಲಸ. ಕೇಂದ್ರವನ್ನು ಕಣ್ಣಾರೆ ಕಂಡೂ ಮುಟ್ಟದೆ ಊರಿನ ಎರಡು ತುದಿಗಳನ್ನು ಮುಟ್ಟಿ ಮರಳಿದ ಮೇಲಷ್ಟೇ ನಡುವಿನ ತೀರ್ಥ ಸಿಗಬೇಕೆಂಬುದು ಈ ಕ್ರಮದ ಹಟ. ವಿಷ್ಣು ಚಕ್ರದಿಂದ ತೋಡಿದನೆನ್ನುವ ಕುಂಡವೂ ಪಕ್ಕದಲ್ಲೇ ಆರದೆ ಉರಿಯುವ ಚಿತೆಗಳೂ ಇರುವ ಆ ಘಾಟು ಐದರಲ್ಲಿ ಒಂದು ಮಾತ್ರವಲ್ಲ, ಐದರ ಮುಕ್ತಾಯ. ಅಗ್ಗದ ಪ್ರವಾಸದ ದೋಣಿಗಳು ಈಗ ದಶಾಶ್ವಮೇಧದಿಂದ ಮಣಿಕರ್ಣಿಕೆಗೆ ಹೋಗಿ ತಿರುಗಿಬಿಡುತ್ತವೆ. ದೃಶ್ಯದ ಮಟ್ಟಿಗೆ ನಷ್ಟವೇನಿಲ್ಲ. ಯಾತ್ರೆಯ ಮಟ್ಟಿಗೆ ಅದು ಪಂಚತೀರ್ಥಿ ಆಗುವುದಿಲ್ಲ.

ಪಂಚಕ್ರೋಶಿ ಇದಕ್ಕಿಂತ ಬಹಳ ದೊಡ್ಡದು. ಕಾಶಿಕ್ಷೇತ್ರದ ಗಡಿಯನ್ನೇ ಬಲಗೊಳ್ಳುವ ಈ ಪ್ರದಕ್ಷಿಣೆ ಸುಮಾರು 80 ಕಿಲೋಮೀಟರ್. ಮಣಿಕರ್ಣಿಕೆಯಲ್ಲಿ ಮಿಂದು ಹೊರಟು ಕರ್ದಮೇಶ್ವರ, ಭೀಮಚಂಡಿ, ರಾಮೇಶ್ವರ, ಶಿವಪುರ, ಕಪಿಲಧಾರಾಗಳಲ್ಲಿ ತಂಗಿ, ಮತ್ತೆ ಮಣಿಕರ್ಣಿಕೆಗೆ ಬರುತ್ತಾರೆ. ದಾರಿಯಲ್ಲಿ 108 ದೇವಸ್ಥಾನಗಳು. ಇದರ ಬಹುಭಾಗ ಹೊಲ, ಕೆರೆ, ಮಾವಿನತೋಪುಗಳ ನಡುವಿನ ಹಾದಿ. ‘ಕಾಶಿ ನೋಡಲು’ ಬಂದವನು ಐದು ದಿನ ಕಾಶಿಯ ಮುಖ್ಯ ಗುಡಿಗಳಿಗೆ ಬೆನ್ನುಹಾಕಿ ನಡೆಯುತ್ತಾನೆ. ಅಧಿಕಮಾಸದಲ್ಲಿ ಈ ಹಾದಿಯಲ್ಲಿ ಜನಜಂಗುಳಿ. ಶಿವರಾತ್ರಿಯಂದು ಇದನ್ನೇ ಒಂದು ಹಗಲು ರಾತ್ರಿಯಲ್ಲಿ ಮುಗಿಸುವವರಿದ್ದಾರೆ. ಮುಗಿದ ಮೇಲೆ ವಿಶ್ವನಾಥನ ಗಲ್ಲಿಯ ಸಾಕ್ಷಿವಿನಾಯಕನಿಗೆ ವರದಿ ಒಪ್ಪಿಸಬೇಕು. ಯಾತ್ರೆ ನಡೆದದ್ದಕ್ಕೆ ಅವನೇ ಸಾಕ್ಷಿ. ಫೋಟೊ ತೆಗೆದಿಟ್ಟುಕೊಳ್ಳುವ ಇಂದಿನ ಚಾಳಿಗೆ ಎಷ್ಟೋ ಮೊದಲೇ ‘ಹೋಗಿದ್ದೆ’ ಎಂದು ನಮೂದಿಸುವ ವ್ಯವಸ್ಥೆಯೊಂದು ಇತ್ತು. ವ್ಯತ್ಯಾಸವಿಷ್ಟೇ: ಆ ದಾಖಲೆ ಊರಿನವರಿಗೆ ತೋರಿಸಲು ಸಿಗುತ್ತಿರಲಿಲ್ಲ.

ನಡೆಯಲಾರದವರಿಗೂ ದಾರಿಯಿದೆ. ಊರೊಳಗಿನ ಕಿಷ್ಕಿಂಧೆಯಂಥ ಗಲ್ಲಿಯೊಂದರಲ್ಲಿ ಪಂಚಕ್ರೋಶಿ ಮಂದಿರವೆಂಬ ಚಿಕ್ಕ ಗುಡಿಯಿದೆ. ಗರ್ಭಗುಡಿಯ ಸುತ್ತ ಆ 108 ಸ್ಥಾನಗಳನ್ನೂ ಸಣ್ಣ ಉಬ್ಬುಶಿಲ್ಪಗಳಲ್ಲಿ ಕೆತ್ತಲಾಗಿದೆ. ಅದನ್ನೊಂದು ಸುತ್ತು ಬಂದರೆ ಪಂಚಕ್ರೋಶಿ ಬಂದಂತೆ. ಇದನ್ನು ಕಳ್ಳದಾರಿ ಎನ್ನುವುದು ಅವಸರದ ಮಾತು. ಸೋಮಲತೆ ಸಿಗದಿದ್ದಾಗ ಪೂತಿಕವೆಂಬ ಬೇರೆ ಬಳ್ಳಿಯನ್ನು ಹಿಂಡಬಹುದೆಂದು ಯಜ್ಞಶಾಸ್ತ್ರವೇ ಒಪ್ಪಿದೆ. ಮೀಮಾಂಸೆಯಲ್ಲಿ ಇದಕ್ಕೆ ಪ್ರತಿನಿಧಿ ಎಂದು ಹೆಸರು. ಎಲ್ಲಕ್ಕೂ ಪ್ರತಿನಿಧಿ ಸಲ್ಲದೆಂಬ ಮಿತಿಯೂ ಅಲ್ಲೇ ಇದೆ. ದ್ರವ್ಯ ಬದಲಾಗಬಹುದು; ದೇವತೆ, ಅಗ್ನಿ, ಮಂತ್ರ ಬದಲಾಗುವಂತಿಲ್ಲ. ಕಾಶಿಯೊಳಗೆ ರಾಮೇಶ್ವರವೂ ಕೇದಾರವೂ ಇರುವುದು, ಇಡೀ ಕಾಶಿ ಒಂದು ಗುಡಿಯ ಗೋಡೆಯೊಳಗೆ ಇರುವುದು ಇದೇ ತತ್ತ್ವದ ಎರಡು ತುದಿಗಳು. ದೊಡ್ಡದು ಚಿಕ್ಕದರಲ್ಲಿ ಕೂರಬಹುದಾದರೆ ನೋಡದೆ ಬಿಟ್ಟದ್ದು ಪೂರ್ತಿ ಕೈತಪ್ಪಿತೆನ್ನಲು ಬರುವುದಿಲ್ಲ.

ಪಟ್ಟಿ ಸ್ಥಿರವಾಗಿ ನಿಂತದ್ದೂ ಇಲ್ಲ. 12ನೇ ಶತಮಾನದಲ್ಲಿ ಗಾಹಡವಾಲ ದೊರೆ ಗೋವಿಂದಚಂದ್ರನ ಮಂತ್ರಿ ಲಕ್ಷ್ಮೀಧರ ‘ಕೃತ್ಯಕಲ್ಪತರು’ವಿನ ತೀರ್ಥಭಾಗದಲ್ಲಿ ಕಾಶಿಯ ಮುನ್ನೂರಕ್ಕೂ ಹೆಚ್ಚು ಸ್ಥಾನಗಳನ್ನು ಪುರಾಣಗಳಿಂದ ಆಯ್ದು ಕೊಟ್ಟಿದ್ದಾನೆ. ಅವನ ಪಟ್ಟಿಯಲ್ಲಿ ಹಿರಿತನ ಅವಿಮುಕ್ತೇಶ್ವರನದು. ವಿಶ್ವೇಶ್ವರ ಊರಿನ ಒಡೆಯನಾಗಿ ನೆಲೆಗೊಂಡದ್ದು ಆಮೇಲೆ. ಇಂದು ಕಾಶಿಗೆ ಹೋಗಿ ವಿಶ್ವನಾಥನನ್ನು ನೋಡದೆ ಬಂದರೆಂದರೆ ಜನ ನಗುತ್ತಾರೆ; ಒಂಬೈನೂರು ವರ್ಷಗಳ ಹಿಂದೆ ಅದೇ ಮಾತನ್ನು ಅವಿಮುಕ್ತೇಶ್ವರನ ಬಗ್ಗೆ ಹೇಳಬೇಕಿತ್ತು. ಈಗ ಅವಿಮುಕ್ತೇಶ್ವರನಿಗೆ ವಿಶ್ವನಾಥನ ಆವರಣದಲ್ಲೇ ಒಂದು ಪುಟ್ಟ ಜಾಗ. ಸಾಲಿನಲ್ಲಿ ಸಾಗುವ ಬಹುಪಾಲು ಜನ ಅದನ್ನು ಗಮನಿಸುವುದೂ ಇಲ್ಲ.

ನೋಡಬೇಕಾದದ್ದೇ ಇಲ್ಲವಾದರೆ? 16ನೇ ಶತಮಾನದಲ್ಲಿ ಕಾಶಿಯ ಪಂಡಿತರ ಮುಂದೆ ಇದು ಬರೀ ತರ್ಕದ ಪ್ರಶ್ನೆಯಾಗಿರಲಿಲ್ಲ. ಪೈಠಣದಿಂದ ಬಂದು ನೆಲೆಸಿದ ಮನೆತನದ ನಾರಾಯಣಭಟ್ಟ ಪ್ರಯಾಗ, ಕಾಶಿ, ಗಯೆಗಳ ಯಾತ್ರಾವಿಧಿಯನ್ನು ಕುರಿತ ‘ತ್ರಿಸ್ಥಲೀಸೇತು’ವಿನಲ್ಲಿ ಅದನ್ನು ನೇರವಾಗಿ ಎತ್ತಿಕೊಳ್ಳುತ್ತಾನೆ. ಆಳುವವರ ದಬ್ಬಾಳಿಕೆಯಿಂದ ಲಿಂಗವನ್ನು ತೆಗೆದು ಬೇರೊಂದನ್ನು ಇಟ್ಟಿದ್ದರೆ ಪೂಜೆ ಅದಕ್ಕೇ ಸಲ್ಲಬೇಕು. ಲಿಂಗವೇ ಇಲ್ಲದಿದ್ದರೂ ಆ ಸ್ಥಾನಕ್ಕೆ ಪ್ರದಕ್ಷಿಣೆ, ನಮಸ್ಕಾರ ನಡೆಯಬೇಕು. ಅಭಿಷೇಕದಂಥ, ಆಧಾರವಿಲ್ಲದೆ ಮಾಡಲಾಗದ ಕ್ರಿಯೆಗಳನ್ನು ಬಿಡಬೇಕು. ದರ್ಶನದ ಚರಿತ್ರೆಯಲ್ಲಿ ಇದಕ್ಕಿಂತ ದಿಟ್ಟವಾದ ನಿರ್ಣಯ ಸಿಗುವುದು ಕಷ್ಟ. ಕಣ್ಣಿಗೆ ಬೀಳುವ ವಸ್ತುವನ್ನು ಕಳೆದ ಮೇಲೂ ಹೋಗಬೇಕಾದ ಜಾಗ ಉಳಿಯುತ್ತದೆ ಎಂದು ಅದು ಹೇಳುತ್ತದೆ. ಯಥಾಶಕ್ತಿಯ ನ್ಯಾಯ ಇಲ್ಲಿ ತನ್ನ ಅತಿ ದೂರದ ಗಡಿ ಮುಟ್ಟಿದೆ. ಆ ಬಳಿಕ ಎದ್ದ ವಿಶ್ವನಾಥನ ದೇವಾಲಯವನ್ನು 1669ರಲ್ಲಿ ಔರಂಗಜೇಬನ ಆಜ್ಞೆಯಂತೆ ಕೆಡವಲಾಯಿತು. ಈಗಿನ ಗುಡಿಯನ್ನು ಅಹಲ್ಯಾಬಾಯಿ ಹೋಳ್ಕರ್ ಕಟ್ಟಿಸಿದ್ದು 18ನೇ ಶತಮಾನದ ಕೊನೆಗೆ, ಹಳೆಯ ಜಾಗದ ಪಕ್ಕದಲ್ಲಿ. ನಡುವಿನ ನೂರಕ್ಕೂ ಹೆಚ್ಚು ವರ್ಷ ಯಾತ್ರೆ ನಿಲ್ಲಲಿಲ್ಲ. 2021ರ ಡಿಸೆಂಬರಿನಲ್ಲಿ ತೆರೆದ ಹೊಸ ಕಾರಿಡಾರ್ ಗಂಗೆಯಿಂದ ಗುಡಿಗೆ ನೇರ ಹಾದಿ ಮಾಡಿಕೊಟ್ಟಿತು. ಅದಕ್ಕಾಗಿ ತೆರವಾದ ಗಲ್ಲಿಮನೆಗಳ ನಡುವೆ ಅಡಗಿದ್ದ ಎಷ್ಟೋ ಗುಡಿಗಳು ಬೆಳಕಿಗೆ ಬಂದವು. ಹಳೆಯ ಯಾತ್ರಾಪಥಗಳ ತಿರುವುಗಳು ಅಷ್ಟೇ ಮಟ್ಟಿಗೆ ಅಳಿಸಿಹೋದವು ಎಂಬ ಕೊರಗೂ ಇದೆ.

ಯಾರು ನೋಡುತ್ತಾರೆ ಎಂಬುದರ ಮೇಲೂ ಪಟ್ಟಿ ನಿಲ್ಲುತ್ತದೆ. ಜೈನರಿಗೆ ವಾರಾಣಸಿ ನಾಲ್ವರು ತೀರ್ಥಂಕರರ ಜನ್ಮಭೂಮಿ: ಭದೈನಿಯಲ್ಲಿ ಸುಪಾರ್ಶ್ವನಾಥ, ಭೇಲೂಪುರದಲ್ಲಿ ಪಾರ್ಶ್ವನಾಥ, ಸಾರನಾಥದ ಬಳಿಯ ಸಿಂಹಪುರಿಯಲ್ಲಿ ಶ್ರೇಯಾಂಸನಾಥ, ಗಂಗೆಯ ದಂಡೆಯ ಚಂದ್ರಾವತಿಯಲ್ಲಿ ಚಂದ್ರಪ್ರಭ. ಬೌದ್ಧರಿಗೆ ಸಾರನಾಥವೇ ಗುರಿ. ರವಿದಾಸರ ಅನುಯಾಯಿಗಳು ಸೀರ್ ಗೋವರ್ಧನಪುರಕ್ಕೆ ಹೋಗುತ್ತಾರೆ. ಕರ್ನಾಟಕದ ವೀರಶೈವರಿಗೆ ಪಂಚಪೀಠಗಳಲ್ಲಿ ಒಂದಾದ ಜಂಗಮವಾಡಿ ಮಠವೇ ಕಾಶಿಯ ಮೊದಲ ಬಾಗಿಲು. ದಕ್ಷಿಣದ ಇತರರು ಕೇದಾರಘಾಟು, ಹನುಮಾನ್ ಘಾಟುಗಳ ಕಡೆ ಇಳಿದುಕೊಳ್ಳುತ್ತಾರೆ. ಒಂದೇ ಊರು, ಒಂದರ ಮೇಲೊಂದು ಬಿದ್ದ ಹಲವು ನಕಾಶೆಗಳು.

ಐರೋಪ್ಯರು ಬಂದಾಗ ಹೊಸ ಬಗೆಯ ಆಯ್ಕೆ ಶುರುವಾಯಿತು. ಇಲ್ಲಿನ ಟಂಕಸಾಲೆಯಲ್ಲಿದ್ದ ಜೇಮ್ಸ್ ಪ್ರಿನ್ಸೆಪ್ 1830ರ ದಶಕದ ಆರಂಭದಲ್ಲಿ ಪ್ರಕಟಿಸಿದ ಚಿತ್ರಗಳು ಘಾಟುಗಳನ್ನು ನೋಟವಾಗಿ ನಿಲ್ಲಿಸಿದವು. ಪುಣ್ಯದ ಜಾಗವನ್ನು ರಮ್ಯತೆ, ಪ್ರಾಚೀನತೆ ತೆಗೆದುಕೊಂಡವು. 1896ರಲ್ಲಿ ಬಂದ ಮಾರ್ಕ್ ಟ್ವೈನ್ ತನ್ನ ಪ್ರವಾಸಕಥನದಲ್ಲಿ ಯಾತ್ರಿಕರಿಗೆಂದು ತಮಾಷೆಯ ಮಾರ್ಗಸೂಚಿಯೊಂದನ್ನು ಬರೆದ. ಹಸಿವು ತಪ್ಪಲು ಈ ಗುಡಿ, ಸಿಡುಬಿಗೆ ಆ ದೇವಿ, ಆಯುಷ್ಯಕ್ಕೆ ಇನ್ನೊಂದು ಬಾವಿ ಎಂದು ಲಾಭಕ್ಕೆ ತಕ್ಕಂತೆ ಊರನ್ನು ಜೋಡಿಸಿದ ಪಟ್ಟಿ ಅದು. ಗೇಲಿಯೇನೋ ಚೂಪಾಗಿದೆ. ಆದರೆ ಅದು ತಾಗುವುದು ಕಾಮ್ಯಯಾತ್ರೆಗೆ ಮಾತ್ರ. ನಿತ್ಯಯಾತ್ರೆಯ ಎರಡೇ ಎರಡು ಕೆಲಸಗಳ ಮುಂದೆ ಅಂಥ ಪಟ್ಟಿಗೆ ಹೆಚ್ಚು ವಿಷಯ ಸಿಗುತ್ತಿರಲಿಲ್ಲ.

ಯಾತ್ರೆಯ ಕಲ್ಪನೆಗೇ ಆಕ್ಷೇಪ ಎತ್ತಿದವರೂ ಇದ್ದಾರೆ. ದೇಹವನ್ನೇ ದೇಗುಲವೆಂದ ಕನ್ನಡದ ಶರಣರು ಸ್ಥಾವರಕ್ಕಿಂತ ಜಂಗಮಕ್ಕೆ ಹಿರಿಮೆ ಕೊಟ್ಟು, ನೀರು ಕಂಡಲ್ಲಿ ಮುಳುಗುವ ಭಕ್ತಿಯನ್ನು ಕಟುವಾಗಿ ಪ್ರಶ್ನಿಸಿದರು. ಕಾಶಿಯಲ್ಲೇ ಬಾಳಿದ ಕಬೀರ, ಇಲ್ಲಿ ಸತ್ತರೆ ಮುಕ್ತಿ ಎಂಬ ನಂಬಿಕೆಗೆ ಎದುರಾಗಿ, ಸಾಯುವ ಕಾಲಕ್ಕೆ ಮಗಹರಕ್ಕೆ ಹೊರಟುಹೋದನೆಂದು ಪ್ರತೀತಿ. ಇವರನ್ನು ಶಾಸ್ತ್ರದ ಹೊರಗಿನ ದನಿಗಳೆಂದು ಬದಿಗಿಡುವುದು ಸುಲಭವಲ್ಲ, ಏಕೆಂದರೆ ಕಾಶೀಖಂಡದ ಆರಂಭದಲ್ಲೇ ಅಗಸ್ತ್ಯ ಲೋಪಾಮುದ್ರೆಗೆ ಮಾನಸತೀರ್ಥಗಳನ್ನು ಹೇಳುತ್ತಾನೆ. ಸತ್ಯ, ಕ್ಷಮೆ, ಇಂದ್ರಿಯನಿಗ್ರಹ, ದಯೆ ಎಲ್ಲವೂ ತೀರ್ಥಗಳು. ಲೋಭಿ ಎಷ್ಟು ತೀರ್ಥಗಳಲ್ಲಿ ಮಿಂದರೂ ಮಲಿನನೇ. ಆದರೆ ಅಗಸ್ತ್ಯನ ನಿಲುವು ಶರಣರದಲ್ಲ. ಒಳಗಿನದೂ ಹೊರಗಿನದೂ ಎರಡೂ ಬೇಕು ಎಂಬಲ್ಲಿಗೆ ಅವನು ನಿಲ್ಲುತ್ತಾನೆ. ಶರಣರು ಹೊರಗಿನದನ್ನು ಬಿಟ್ಟರೂ ನಡೆಯುತ್ತದೆ ಎಂದರು. ಈ ಎರಡರ ನಡುವಿನ ಜಗಳ ಬಗೆಹರಿದಿಲ್ಲ, ಬಗೆಹರಿಯಬೇಕಾಗಿಯೂ ಇಲ್ಲ.

ನೆಂಟರ ಮನೆಗೆ ಬಂದವರು, ವ್ಯಾಪಾರಕ್ಕೆ ಬಂದವರು, ಸಮ್ಮೇಳನಕ್ಕೆ ಬಂದವರು ಗಂಗೆಯಲ್ಲಿ ಮುಳುಗೆದ್ದರೆ? ಅದನ್ನೂ ನಿಬಂಧಕಾರರು ಯೋಚಿಸಿದ್ದಾರೆ. ಬೇರೆ ಕೆಲಸದ ನಡುವೆ ತೀರ್ಥ ಮುಟ್ಟಿದವನಿಗೆ ಅರ್ಧ ಫಲ. ಇನ್ನೊಬ್ಬರ ಪರವಾಗಿ ಹೋದವನಿಗೆ ಹದಿನಾರನೆಯ ಒಂದು ಪಾಲು. ಬರಲಾರದ ತಂದೆತಾಯಿಗಳ ಹೆಸರಿನಲ್ಲಿ ದರ್ಭೆಯ ಗೊಂಬೆಯನ್ನು ಮುಳುಗಿಸಿದರೆ ಎಂಟನೆಯ ಒಂದು ಪಾಲು. ಭಿನ್ನರಾಶಿಯಲ್ಲಿ ಪುಣ್ಯ ಅಳೆಯುವುದು ನಗು ತರಿಸಬಹುದು. ಯಾರನ್ನೂ ಪೂರ್ತಿ ಹೊರಗಿಡದ ಔದಾರ್ಯ ಮಾತ್ರ ನಗುವ ವಿಷಯವಲ್ಲ.

2022ರ ನವೆಂಬರಿನಲ್ಲಿ ಬೆಂಗಳೂರಿನಿಂದ ಶುರುವಾದ ಕಾಶಿದರ್ಶನ ರೈಲು ಎಂಟು ದಿನಗಳಲ್ಲಿ ಕಾಶಿ, ಅಯೋಧ್ಯೆ, ಪ್ರಯಾಗಗಳನ್ನು ಮುಗಿಸಿಕೊಂಡು ಬರುವ ಏರ್ಪಾಡು. ಹೋಗಿಬರುವುದಕ್ಕೇ ಹೆಚ್ಚುಕಡಿಮೆ ಅರ್ಧ ಸಮಯ ಬೇಕು. ಕಾಶಿಗೆ ಉಳಿಯುವ ಹೊತ್ತಿನಲ್ಲಿ ಸ್ನಾನ, ವಿಶ್ವನಾಥ, ಅನ್ನಪೂರ್ಣೆ, ಊರಿನ ಕೋತವಾಲನೆನಿಸಿದ ಕಾಲಭೈರವ, ಸಂಜೆಯ ಗಂಗಾರತಿ, ಇಷ್ಟಕ್ಕೇ ಕತ್ತಲಾಗುತ್ತದೆ. ಇದರಲ್ಲಿ ಆರತಿ ಹಳೆಯ ಯಾವ ಪಟ್ಟಿಯಲ್ಲೂ ಇಲ್ಲದ, ಈಚಿನ ದಶಕಗಳಲ್ಲಿ ಇಂದಿನ ವೈಭವ ಪಡೆದ ಕಾರ್ಯಕ್ರಮ. ಹಾಗಿದ್ದರೂ ಇಂದಿನ ಯಾತ್ರಿಕರು ಅದನ್ನು ಬಿಡಲು ಸುತರಾಂ ಒಪ್ಪುವುದಿಲ್ಲ. ಅವಿಮುಕ್ತೇಶ್ವರ ಹಿಂದೆ ಸರಿದಂತೆ ಇದು ಮುಂದೆ ಬಂದಿದೆ. ಭೈರವನ ದರ್ಶನ ವಿಶ್ವನಾಥನಿಗಿಂತ ಮೊದಲೋ ಆಮೇಲೋ ಎಂಬ ಬಗ್ಗೆ ಸಂಪ್ರದಾಯಗಳಲ್ಲಿ ಒಮ್ಮತವಿಲ್ಲ. ಕ್ಷೇತ್ರಪಾಲಕನ ಅಪ್ಪಣೆ ಪಡೆದೇ ಒಡೆಯನ ಮನೆಗೆ ಹೋಗಬೇಕೆಂದು ಕೆಲವರು ಹೇಳಿದರೆ, ಊರು ಬಿಡುವಾಗ ಅವನಿಂದ ಕಪ್ಪುದಾರ ಕಟ್ಟಿಸಿಕೊಂಡು ಹೊರಡುವುದು ಇನ್ನು ಕೆಲವರ ರೂಢಿ. ಊರಿಗೆ ಮರಳಿ ಗಂಗಾಸಮಾರಾಧನೆ ಮಾಡುವ ಮನೆಗಳಲ್ಲಿ ಎರಡು ಕ್ರಮದವರೂ ಇದ್ದಾರೆ. ತಂದ ಗಂಗೆಯ ತಾಲಿಗೆ ಪೂಜೆ ಇಬ್ಬರದೂ ಒಂದೇ ಬಗೆ.